ಓದುಗರ ಪ್ರಶ್ನೆ: ಹಾರಿದ್ದಕ್ಕಿಂತ ನಿಂತದ್ದೇ ಹೆಚ್ಚು

ಇಟಲಿಯ ಫುಟ್‌ಬಾಲ್ ಗೋಲ್‌ಕೀಪರ್ ಜಿಯಾನ್‌ಲೂಯಿಜಿ ಬಫನ್ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ಅರ್ಥದ ಪತ್ರಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

ಪ್ರ: ಉಳಿದ ಆಟಗಾರರು 35ಕ್ಕೇ ಬೂಟು ಕಳಚಿಡುತ್ತಾರೆ. ಬಫನ್ 45ರವರೆಗೆ ಆಡಿದ್ದು ಹೇಗೆ?

ಉ: ಓಟ ಕಡಿಮೆ ಎನ್ನುವುದು ಅರ್ಧ ಉತ್ತರ ಮಾತ್ರ. ಮೈದಾನದ ನಡುವೆ ಆಡುವ ಮಿಡ್‌ಫೀಲ್ಡರ್ ಒಂದು ಪಂದ್ಯದಲ್ಲಿ 10-12 ಕಿ.ಮೀ. ಓಡುತ್ತಾನೆ. ಗೋಲ್‌ಕೀಪರ್ ಕ್ರಮಿಸುವುದು ಹೆಚ್ಚುಕಡಿಮೆ ಅದರ ಅರ್ಧ, ಅದರಲ್ಲೂ ಬಹುಪಾಲು ನಡಿಗೆಯೇ. ಆದರೆ ಗೋಲ್‌ಕೀಪರ್‌ನ ಮೈ ಸವೆಯುವುದು ಓಡಿ ಅಲ್ಲ, ಬಿದ್ದು. ಭುಜ, ಸೊಂಟ, ಬೆನ್ನು ದಿನಾ ಅಭ್ಯಾಸದಲ್ಲಿ ನೆಲಕ್ಕೆ ಬಡಿಯುತ್ತಲೇ ಇರುತ್ತವೆ. ಬಫನ್‌ಗೆ ಪೆಟ್ಟಾದದ್ದೂ ಅಲ್ಲೇ. 2005ರ ಆಗಸ್ಟ್‌ನಲ್ಲಿ ಮಿಲಾನ್ ತಂಡದ ಕಾಕಾ ಜತೆ ಡಿಕ್ಕಿಯಾಗಿ ಭುಜಕ್ಕೆ ಏಟು ಬಿತ್ತು, ತಿಂಗಳುಗಟ್ಟಲೆ ಹೊರಗುಳಿದರು. 2010ರ ವಿಶ್ವಕಪ್‌ನಲ್ಲಿ ಪರಾಗ್ವೆ ವಿರುದ್ಧದ ಮೊದಲ ಪಂದ್ಯದಲ್ಲೇ ಬೆನ್ನುನೋವಿನಿಂದ ವಿರಾಮದ ನಂತರ ಕಣಕ್ಕಿಳಿಯಲಿಲ್ಲ. ಆಮೇಲೆ ಬೆನ್ನಿನ ಡಿಸ್ಕ್‌ಗೆ ಶಸ್ತ್ರಚಿಕಿತ್ಸೆ. ಆಗ ವಯಸ್ಸು 32. ಅಲ್ಲಿಂದ ಮುಂದೆ ಇನ್ನೂ 13 ವರ್ಷ ಆಡಿದರು.

ಆ 13 ವರ್ಷಗಳು ಬಂದದ್ದೇ ಉತ್ತರದ ಉಳಿದರ್ಧದಿಂದ. ಚುರುಕು ವಯಸ್ಸಿನೊಂದಿಗೆ ಇಳಿಯುತ್ತದೆ, ಎಲ್ಲಿ ನಿಲ್ಲಬೇಕೆಂಬ ಅರಿವು ಬೆಳೆಯುತ್ತಲೇ ಹೋಗುತ್ತದೆ. ಇಪ್ಪತ್ತರ ಹರೆಯದಲ್ಲಿ ಇಟಲಿಯ ಪಾರ್ಮಾ ಕ್ಲಬ್‌ಗೆ ಆಡುತ್ತಿದ್ದ ಬಫನ್ ಮೂಲೆಯಿಂದ ಮೂಲೆಗೆ ಹಾರುತ್ತಿದ್ದವರು. ಮೂವತ್ತೈದು ದಾಟಿದ ಬಫನ್ ಎರಡು ಹೆಜ್ಜೆ ಮೊದಲೇ ಸರಿದು, ಎದೆಗೆ ಬಂದ ಚೆಂಡನ್ನು ಅಪ್ಪಿಕೊಂಡು ಎದ್ದು ಹೋಗುವವರು. ಟಿವಿಯಲ್ಲಿ ಮರುಪ್ರಸಾರವಾಗುವುದು ಮೊದಲಿನದು. ಗೋಲ್‌ಕೀಪಿಂಗ್ ಬಲ್ಲವರು ಮೆಚ್ಚುವುದು ಎರಡನೆಯದನ್ನು.

ಪ್ರ: "ನಿಲ್ಲುವ ಜಾಗ" ಎಂದು ಪ್ರತಿ ಸಲ ಬರೆಯುತ್ತೀರಿ. ಅಳತೆ ಹಾಕಿ ತೋರಿಸಿ ನೋಡೋಣ.

ಉ: ತೋರಿಸೋಣ. ಗೋಲಿನ ಅಗಲ 7.32 ಮೀಟರ್, ಎತ್ತರ 2.44. ಚೆಂಡು ಗೋಲಿನ ನಡುವಿಗೆ ನೇರವಾಗಿ 16 ಮೀಟರ್ ದೂರದಲ್ಲಿದೆ ಎನ್ನಿ. ಗೆರೆಯ ಮೇಲೆ ನಿಂತ ಗೋಲ್‌ಕೀಪರ್ ಇಡೀ 7.32 ಮೀಟರ್ ಕಾಯಬೇಕು. 4 ಮೀಟರ್ ಮುಂದೆ ಬಂದು ನಿಂತರೆ ಕಾಯಬೇಕಾದದ್ದು ಸುಮಾರು 5.5 ಮೀಟರ್. ಒಂದೊಂದು ಬದಿಗೆ 90 ಸೆಂಟಿಮೀಟರ್ ಉಳಿಯಿತು, ಅಂದರೆ ಹೆಚ್ಚುಕಡಿಮೆ ಚಾಚಿದ ಒಂದು ಕೈಯಷ್ಟು. ಇದು ಪುಕ್ಕಟೆ ಸಿಗುವುದಿಲ್ಲ. ಚೆಂಡು ಮುಟ್ಟಲು 16ರ ಬದಲು 12 ಮೀಟರ್ ಸಾಕು, ಆದ್ದರಿಂದ ಸಮಯ ಕಾಲುಭಾಗ ಖೋತಾ. ತಲೆಯ ಮೇಲಿಂದ ಚೆಂಡು ಎತ್ತಿಹಾಕುವ ಅಪಾಯವೂ ಇದೆ. ಆದ್ದರಿಂದ ಎದುರಾಳಿ ತಲೆ ತಗ್ಗಿಸಿ ಚೆಂಡು ನೋಡುತ್ತಿರುವಾಗ ಮುಂದೆ ಬರಬೇಕು, ತಲೆಯೆತ್ತಿ ಗೋಲು ನೋಡಿದಾಗ ನಿಂತುಬಿಡಬೇಕು.

ಆ "ನಿಂತುಬಿಡುವುದು" ಅನೇಕರಿಗೆ ಬರುವುದಿಲ್ಲ. ಒದೆತ ಬೀಳುವ ಕ್ಷಣಕ್ಕೆ ಎರಡೂ ಪಾದ ನೆಲದಲ್ಲಿರಬೇಕು, ಭುಜದಗಲ ಅಂತರ, ಮೊಣಕಾಲು ಸ್ವಲ್ಪ ಬಾಗಿರಬೇಕು, ಭಾರ ಪಾದದ ಮುಂಭಾಗದ ಮೇಲೆ, ಕೈ ಸೊಂಟದ ಮಟ್ಟದಲ್ಲಿ ಮೈಯಿಂದ ಮುಂದೆ. ಆ ಕ್ಷಣದಲ್ಲಿ ಒಂದು ಕಾಲು ಗಾಳಿಯಲ್ಲಿದ್ದರೆ ಆ ಬದಿಗೆ ನೆಗೆಯಲು ಮೊದಲು ಕಾಲೂರಬೇಕು, ಅಷ್ಟರಲ್ಲಿ ಚೆಂಡು ಬಲೆಯಲ್ಲಿರುತ್ತದೆ. ಇನ್ನೂ ಎರಡು ಮೀಟರ್ ಮುಂದೆ ಬರುವ ಆಸೆಗೆ ಓಡುತ್ತಲೇ ಇರುವವನಿಗಿಂತ ಎರಡು ಮೀಟರ್ ಹಿಂದೆಯೇ ಗಟ್ಟಿಯಾಗಿ ನಿಂತವನು ಹೆಚ್ಚು ಗೋಲು ಉಳಿಸುತ್ತಾನೆ. ಬಫನ್‌ರ ಹಳೆಯ ಪಂದ್ಯ ನೋಡುವಾಗ ಚೆಂಡು ಬಿಟ್ಟು ಅವರ ಪಾದವನ್ನೇ ನೋಡಿ.

ಪ್ರ: 12 ವರ್ಷದವರೆಗೆ ಅವರು ಮಿಡ್‌ಫೀಲ್ಡರ್ ಆಗಿದ್ದರಂತೆ, ನಿಜವೇ? ಹಾಗಾದರೆ ಮಕ್ಕಳನ್ನು ಯಾವಾಗ ಗೋಲಿಗೆ ನಿಲ್ಲಿಸಬೇಕು?

ಉ: ನಿಜ. ಬಫನ್ ಹುಟ್ಟಿದ್ದು 1978ರ ಜನವರಿ 28ರಂದು, ಅಮೃತಶಿಲೆಗೆ ಹೆಸರಾದ ಕರ್ರಾರಾದಲ್ಲಿ. ತಾಯಿ ಡಿಸ್ಕಸ್ ಎಸೆತಗಾರ್ತಿ, ತಂದೆ ಭಾರ ಎತ್ತುವವರು, ಅಕ್ಕಂದಿರಿಬ್ಬರೂ ವಾಲಿಬಾಲ್ ಆಟಗಾರ್ತಿಯರು. 1990ರ ವಿಶ್ವಕಪ್ ಇಟಲಿಯಲ್ಲೇ ನಡೆದಾಗ ಕ್ಯಾಮರೂನ್‌ನ ಗೋಲ್‌ಕೀಪರ್ ಥಾಮಸ್ ಎನ್‌ಕೊನೊ ಆಟಕ್ಕೆ ಹುಡುಗ ಮರುಳಾದ. ಮುಂದೆ ತಮ್ಮ ಮಗನಿಗೆ ಲೂಯಿ ಥಾಮಸ್ ಎಂದು ಹೆಸರಿಟ್ಟದ್ದೂ ಆ ಅಭಿಮಾನಕ್ಕೇ. 1991ರಲ್ಲಿ ಪಾರ್ಮಾದ ಕಿರಿಯರ ತಂಡ ಸೇರಿದರು. ಅಲ್ಲಿನ ಇಬ್ಬರು ಗೋಲ್‌ಕೀಪರ್‌ಗಳಿಗೂ ಗಾಯವಾದಾಗ ಉದ್ದ ಹುಡುಗನನ್ನು ಗೋಲಿಗೆ ನಿಲ್ಲಿಸಿದರು, ಅವನು ಅಲ್ಲೇ ಉಳಿದ.

ಕಾಲದ ಹೊಂದಿಕೆಯನ್ನೂ ಗಮನಿಸಿ. 1992ರಲ್ಲಿ ಬ್ಯಾಕ್‌ಪಾಸ್ ನಿಯಮ ಬಂತು. ಸಹ ಆಟಗಾರ ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ. ಕಾಲಿನ ಆಟ ಗೊತ್ತಿಲ್ಲದ ಹಳಬರು ತಡವರಿಸಿದರು. ಮೈದಾನದ ನಡುವೆ ಆಡಿ ಬೆಳೆದ ಹುಡುಗನಿಗೆ ಅದು ತೊಡಕೇ ಆಗಲಿಲ್ಲ. ನಮ್ಮ ಸಲಹೆಯೂ ಅದೇ: 12ರ ತನಕ ಮಗು ಎಲ್ಲ ಜಾಗದಲ್ಲೂ ಆಡಲಿ. ಎಂಟು ವರ್ಷದವನಿಗೆ ಕೈಗವಸು ತೊಡಿಸಿ ಗೋಲಿಗೆ ಕಟ್ಟಿಹಾಕುವುದು ಹೆತ್ತವರ ಅವಸರ, ಅಷ್ಟೇ.

ಪ್ರ: 17ನೇ ವಯಸ್ಸಿಗೇ ಇಟಲಿಯ ಅಗ್ರ ಲೀಗ್ ಸೀರಿ ಎ ಆಡಿದರೇ?

ಉ: ಹೌದು. 1995ರ ನವೆಂಬರ್ 19, ಪಾರ್ಮಾ ವಿರುದ್ಧ ಮಿಲಾನ್. ಕೋಚ್ ನೆವಿಯೊ ಸ್ಕಾಲಾ. ಎದುರಿಗಿದ್ದದ್ದು ಆ ವರ್ಷ ಲೀಗ್ ಗೆಲ್ಲಲಿದ್ದ ತಂಡ. ಫಲಿತಾಂಶ 0-0. ಎರಡು ವರ್ಷದ ನಂತರ, 1997ರ ಅಕ್ಟೋಬರ್ 29ರಂದು, ಮಾಸ್ಕೋದ ಹಿಮದಲ್ಲಿ ಗೋಲ್‌ಕೀಪರ್ ಪಾಲ್ಯೂಕಾ ಗಾಯಗೊಂಡಾಗ ರಾಷ್ಟ್ರತಂಡಕ್ಕೂ ಇಳಿದರು.

ಪ್ರ: 974 ನಿಮಿಷ ಗೋಲು ಬಿಟ್ಟುಕೊಡದ ದಾಖಲೆಯನ್ನು ಲೆಕ್ಕ ಹಾಕುವುದು ಹೇಗೆ? ಹೆಚ್ಚುವರಿ ನಿಮಿಷಗಳನ್ನೂ ಸೇರಿಸುತ್ತಾರೆಯೇ?

ಉ: ಸೇರಿಸುವುದಿಲ್ಲ, ಪಂದ್ಯಕ್ಕೆ 90 ನಿಮಿಷವೇ. ಲೆಕ್ಕ ಬಿಡಿಸಿ ನೋಡಿ. 2016ರ ಜನವರಿ 10ರಂದು ಬಫನ್ ಆಡುತ್ತಿದ್ದ ಯುವೆಂಟಸ್ ವಿರುದ್ಧ ಸ್ಯಾಂಪ್‌ಡೋರಿಯಾದ ಕಸ್ಸಾನೊ 64ನೇ ನಿಮಿಷದಲ್ಲಿ ಗೋಲು ಹೊಡೆದರು. ಆ ಪಂದ್ಯದಲ್ಲಿ ಉಳಿದದ್ದು 26 ನಿಮಿಷ. ನಂತರ ಸತತ ಹತ್ತು ಲೀಗ್ ಪಂದ್ಯಗಳಲ್ಲಿ ಒಂದೂ ಗೋಲಿಲ್ಲ, ಅದು 900. ಮಾರ್ಚ್ 20ರ ಟ್ಯೂರಿನ್ ಡರ್ಬಿಯಲ್ಲಿ, ಅಂದರೆ ಒಂದೇ ಊರಿನ ಎರಡು ತಂಡಗಳ ಪಂದ್ಯದಲ್ಲಿ, ಟೊರಿನೊದ ಬೆಲೊಟ್ಟಿ 48ನೇ ನಿಮಿಷದಲ್ಲಿ ಪೆನಾಲ್ಟಿ ಹೊಡೆದರು. 26, 900, 48 ಕೂಡಿದರೆ 974. ಮಿಲಾನ್‌ನ ಸೆಬಾಸ್ಟಿಯಾನೊ ರೊಸ್ಸಿ 1993-94ರಲ್ಲಿ ಮಾಡಿದ್ದ 929 ನಿಮಿಷದ ದಾಖಲೆ ಅದೇ ಡರ್ಬಿಯ ಆರಂಭದಲ್ಲಿ ಅಳಿಸಿಹೋಗಿತ್ತು.

ಇನ್ನೊಂದು ಮಾತು. ಇದು ಲೀಗ್ ದಾಖಲೆ ಮಾತ್ರ. ಆ ಡರ್ಬಿಗೆ ನಾಲ್ಕೇ ದಿನ ಮೊದಲು ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನಲ್ಲಿ ಬಾಯರ್ನ್ ಮ್ಯೂನಿಕ್ ಇದೇ ಬಫನ್‌ಗೆ ನಾಲ್ಕು ಗೋಲು ಹೊಡೆದಿತ್ತು. ಬೇರೆ ಟೂರ್ನಿಯ ಗೋಲುಗಳನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ದಾಖಲೆ ಸಣ್ಣದೇನಲ್ಲ, ಆದರೆ ಅದರಲ್ಲಿ ಮುಂದೆ ನಿಂತ ಡಿಫೆಂಡರ್‌ಗಳಾದ ಬರ್ಜಾಲಿ, ಬೊನುಚ್ಚಿ, ಕಿಯೆಲ್ಲಿನಿ ಪಾಲು ದೊಡ್ಡದು.

ಪ್ರ: 2006ರ ವಿಶ್ವಕಪ್ ಗೆದ್ದದ್ದು ಬಫನ್ ಪೆನಾಲ್ಟಿ ತಡೆದದ್ದರಿಂದ ಎಂದು ಗೆಳೆಯರೊಡನೆ ವಾದ. ತೀರ್ಪು ಕೊಡಿ.

ಉ: ನೀವು ಹಾಗೆ ವಾದಿಸಿದ್ದರೆ ಸೋತಿರಿ. ಬರ್ಲಿನ್‌ನ ಫೈನಲ್‌ನ ಶೂಟೌಟ್‌ನಲ್ಲಿ ಬಫನ್ ಒಂದನ್ನೂ ತಡೆಯಲಿಲ್ಲ. ಫ್ರಾನ್ಸ್‌ನ ಟ್ರೆಜೆಗೆ ಹೊಡೆದದ್ದು ಅಡ್ಡಪಟ್ಟಿಗೆ ಬಡಿಯಿತು, ಇಟಲಿಯ ಐದೂ ಒಳಗೆ ಹೋದವು, 5-3. ಆ ಕಪ್‌ನಲ್ಲಿ ಬಫನ್ ಮಾಡಿದ ಕೆಲಸ ಬೇರೆ. ಏಳು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಎರಡೇ ಗೋಲು: ಅಮೆರಿಕ ವಿರುದ್ಧ ಸ್ವಂತ ಡಿಫೆಂಡರ್ ಜಕ್ಕಾರ್ಡೊ ಕಾಲಿನಿಂದ ಒಂದು, ಫೈನಲ್‌ನಲ್ಲಿ ಜಿದಾನ್ ಪೆನಾಲ್ಟಿ ಇನ್ನೊಂದು. ಆಟ ಸಾಗುತ್ತಿರುವಾಗ ಎದುರಾಳಿಯೊಬ್ಬನೂ ಅವರಿಗೆ ಗೋಲು ಹೊಡೆಯಲಿಲ್ಲ.

ಫೈನಲ್ ಉಳಿದದ್ದು ಹೆಚ್ಚುವರಿ ಅವಧಿಯ 104ನೇ ನಿಮಿಷದಲ್ಲಿ. ಸಾನ್ಯೋಲ್ ಬಲಗಡೆಯಿಂದ ಕ್ರಾಸ್ ಕಳಿಸಿದರು, ಜಿದಾನ್ ಯಾರ ಅಡ್ಡಿಯೂ ಇಲ್ಲದೆ ತಲೆಯಿಂದ ಹೊಡೆದರು, ಬಫನ್ ನೆಗೆದು ಅಡ್ಡಪಟ್ಟಿಯ ಮೇಲಕ್ಕೆ ದಾಟಿಸಿದರು. ಕ್ರಾಸ್ ಬರುವಾಗ ಅವರು ಕಂಬಕ್ಕೆ ಅಂಟಿ ನಿಂತಿರಲಿಲ್ಲ, ಹಾಗೆಂದು ಚೆಂಡಿಗಾಗಿ ನುಗ್ಗಲೂ ಇಲ್ಲ. ನುಗ್ಗಿದ್ದರೆ ಆ ಹೆಡರ್ ಖಾಲಿ ಗೋಲಿಗೆ ಹೋಗುತ್ತಿತ್ತು.

ಪ್ರ: ಪೆನಾಲ್ಟಿಗೆ ಗೋಲ್‌ಕೀಪರ್ ಮೊದಲೇ ಒಂದು ಬದಿಗೆ ಹಾರಿಬಿಡುತ್ತಾನೆ. ನೋಡಿಕೊಂಡು ಹಾರಬಾರದೇ?

ಉ: ದೂರ 11 ಮೀಟರ್. ಗಂಟೆಗೆ 100 ಕಿ.ಮೀ. ವೇಗದ ಹೊಡೆತ ಸುಮಾರು 0.4 ಸೆಕೆಂಡಿನಲ್ಲಿ ಗೆರೆ ಮುಟ್ಟುತ್ತದೆ. ಕಣ್ಣು ಕಂಡು ಮೈ ಕದಲಲು 0.2 ಸೆಕೆಂಡು ಬೇಕು. ಉಳಿದ 0.2ರಲ್ಲಿ ಮೂರೂವರೆ ಮೀಟರ್ ಆಚೆಯ ಮೂಲೆ ಸಿಗದು. ಆದ್ದರಿಂದ ಹೊಡೆಯುವವನ ನಿಂತ ಕಾಲಿನ ಪಾದ ಯಾವ ಕಡೆ ತಿರುಗಿದೆ, ಸೊಂಟ ತೆರೆದಿದೆಯೇ ಮುಚ್ಚಿದೆಯೇ ನೋಡಿ ಒದೆತಕ್ಕೆ ತುಸು ಮೊದಲೇ ಹೊರಡಬೇಕು. 2019ರ ನಿಯಮದಂತೆ ಚೆಂಡು ಒದೆಯುವ ಕ್ಷಣದಲ್ಲಿ ಒಂದು ಪಾದದ ಭಾಗವಾದರೂ ಗೆರೆಯ ಮೇಲೆ ಅಥವಾ ಅದರ ನೇರಕ್ಕೆ ಇರಬೇಕು; 2022ರಿಂದ ಗೆರೆಯ ಹಿಂದೆ ಇದ್ದರೂ ಸರಿ. ತಪ್ಪಿ ಮುಂದೆ ಬಂದು ತಡೆದರೆ ಪೆನಾಲ್ಟಿ ಮತ್ತೊಮ್ಮೆ.

ಬಫನ್ ತಡೆದವೂ ಇವೆ. 2003ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮಿಲಾನ್‌ನ ಸೀಡಾರ್ಫ್ ಮತ್ತು ಕಲಾಡ್ಜೆ ಹೊಡೆತಗಳನ್ನು ತಡೆದರು. ಎದುರು ಗೋಲಿನಲ್ಲಿದ್ದ ಡಿಡಾ ಮೂರು ತಡೆದರು! ಯುವೆಂಟಸ್ ಸೋತಿತು.

ಪ್ರ: ಅಷ್ಟು ಅನುಭವಿಯೂ ಕೈಜಾರಿ ಚೆಂಡು ಬಿಡುತ್ತಾನಲ್ಲ, ಯಾಕೆ?

ಉ: ಬಫನ್‌ರದ್ದೇ ಉದಾಹರಣೆ. 2019ರ ಮಾರ್ಚ್ 6, ಪ್ಯಾರಿಸ್, ಮಳೆಯ ರಾತ್ರಿ. ಪಿಎಸ್‌ಜಿ ಎಂಬ ಅಲ್ಲಿನ ಕ್ಲಬ್ ಪರ ಆಡುತ್ತಿದ್ದ ಅವರಿಗೆ 41 ವರ್ಷ. ಮ್ಯಾಂಚೆಸ್ಟರ್ ಯುನೈಟೆಡ್‌ನ ರ‍್ಯಾಶ್‌ಫರ್ಡ್ ದೂರದಿಂದ ಹೊಡೆದ ಚೆಂಡು ಕೈಯಿಂದ ಪುಟಿದು ಲುಕಾಕು ಕಾಲಿಗೆ ಸಿಕ್ಕಿತು, ಗೋಲು. ಕೊನೆಯಲ್ಲಿ ಪಂದ್ಯ 1-3, ಪಿಎಸ್‌ಜಿ ಚಾಂಪಿಯನ್ಸ್ ಲೀಗ್‌ನಿಂದಲೇ ಹೊರಗೆ.

ಒದ್ದೆ ಹುಲ್ಲಿಗೆ ತಾಗಿದ ಚೆಂಡು ಅಷ್ಟಾಗಿ ನಿಧಾನವಾಗುವುದಿಲ್ಲ, ಜಾರಿ ಬಿರುಸಾಗಿಯೇ ಬರುತ್ತದೆ. ಅಂಗೈ ಅದನ್ನು ಮೈಯ ಪಕ್ಕದಲ್ಲಿ ಎದುರಿಸಿದರೆ ಚೆಂಡು ಮುಂದಕ್ಕೇ ಚಿಮ್ಮುತ್ತದೆ. ಹಿಡಿಯುವುದಾದರೆ ಕೈ ಮೈಯಿಂದ ಒಂದಡಿ ಮುಂದಿರಬೇಕು, ಹಿಂದೆ ಎದೆಯ ತಡೆ ಇರಬೇಕು. ಅದಾಗದಿದ್ದರೆ ಹಿಡಿಯುವ ಆಸೆ ಬಿಟ್ಟು ಅಂಗೈಯನ್ನು ಓರೆ ಮಾಡಿ ಪಕ್ಕದ ಕಂಬದಾಚೆ ತಳ್ಳಬೇಕು. ಬಫನ್ ಹಿಡಿಯುವುದರಲ್ಲೇ ಹೆಸರಾದವರು. ಆ ರಾತ್ರಿ ಕೈಕೊಟ್ಟದ್ದೂ ಆ ಅಭ್ಯಾಸವೇ ಎಂದು ನಮ್ಮ ಎಣಿಕೆ.

ಪ್ರ: ಕೈಗವಸು ಎರಡೇ ತಿಂಗಳಿಗೆ ಹಿಡಿತ ಕಳೆದುಕೊಳ್ಳುತ್ತಿದೆ.

ಉ: ಅಂಗೈಯ ಲೇಟೆಕ್ಸ್ ಒಣಗಿದರೆ ಹಿಡಿಯುವುದಿಲ್ಲ, ಬಿಸಿಲಿಗೆ ಬಿರಿಯುತ್ತದೆ. ಹೊಸದನ್ನು ಮೊದಲ ಬಳಕೆಗೆ ಮುನ್ನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಮೇಲಿನ ಲೇಪ ತೆಗೆಯಿರಿ. ಆಟಕ್ಕೆ ಮುಂಚೆ ಅಂಗೈ ತುಸು ಒದ್ದೆ ಮಾಡಿ. ಮುಗಿದ ಮೇಲೆ ಮಣ್ಣು ತೊಳೆದು, ಹಿಂಡದೆ ಒತ್ತಿ ನೀರು ತೆಗೆದು, ನೆರಳಿನಲ್ಲಿ ಒಣಗಿಸಿ. ಒದ್ದೆಯದನ್ನೇ ಚೀಲಕ್ಕೆ ತುರುಕಿದರೆ ನಾರುತ್ತದೆ, ಪದರವೂ ಕಿತ್ತುಬರುತ್ತದೆ. ಅಭ್ಯಾಸಕ್ಕೊಂದು, ಪಂದ್ಯಕ್ಕೊಂದು ಜೊತೆ ಇಟ್ಟುಕೊಳ್ಳಿ. ಬಿದ್ದು ಏಳುವಾಗ ಅಂಗೈ ಊರಬೇಡಿ, ಮುಷ್ಟಿ ಊರಿ.

ಪ್ರ: ಬಫನ್ ಗೆದ್ದ ಸೀರಿ ಎ ಪ್ರಶಸ್ತಿ ಹತ್ತೋ ಹನ್ನೆರಡೋ? ಒಂದೊಂದು ಕಡೆ ಒಂದೊಂದು ಅಂಕಿ.

ಉ: ಅಧಿಕೃತವಾಗಿ ಹತ್ತು, ಎಲ್ಲವೂ ಯುವೆಂಟಸ್ ಜತೆ. 2004-05 ಮತ್ತು 2005-06ರದ್ದನ್ನು ಸೇರಿಸಿದವರು ಹನ್ನೆರಡು ಎನ್ನುತ್ತಾರೆ. ರೆಫರಿಗಳ ನೇಮಕಕ್ಕೆ ಸಂಬಂಧಿಸಿದ "ಕಾಲ್ಚೋಪೊಲಿ" ಹಗರಣದಲ್ಲಿ ಅವೆರಡನ್ನೂ ಯುವೆಂಟಸ್‌ನಿಂದ ಕಿತ್ತುಕೊಳ್ಳಲಾಯಿತು. ತಂಡವನ್ನು ಎರಡನೇ ದರ್ಜೆಯ ಸೀರಿ ಬಿಗೆ ಇಳಿಸಿದರು, ಅಲ್ಲಿಯೂ ಕೊನೆಗೆ 9 ಅಂಕ ಕಡಿತ. ವಿಶ್ವಕಪ್ ಗೆದ್ದು ಬಂದ ಕೆಲವೇ ವಾರಗಳಲ್ಲಿ ಈ ಆಘಾತ. ಕನ್ನವಾರೊ, ಇಬ್ರಾಹಿಮೊವಿಚ್, ವಿಯೆರಾ, ಜಾಂಬ್ರೊಟ್ಟಾ ಬೇರೆ ತಂಡಗಳಿಗೆ ಹೋದರು. ಬಫನ್, ಡೆಲ್ ಪಿಯೆರೊ, ನೆಡ್ವೆಡ್, ಟ್ರೆಜೆಗೆ, ಕಾಮೊರನೇಸಿ ಉಳಿದರು, ಒಂದೇ ವರ್ಷದಲ್ಲಿ ಸೀರಿ ಬಿ ಗೆದ್ದು ಮೇಲೆ ಬಂದರು.

ಪ್ರ: ಚಾಂಪಿಯನ್ಸ್ ಲೀಗ್ ಮಾತ್ರ ಸಿಗಲಿಲ್ಲ ಏಕೆ?

ಉ: ಮೂರು ಫೈನಲ್, ಮೂರೂ ಸೋಲು. 2003ರದ್ದು ಮೇಲೆ ಹೇಳಿದೆವು. 2015ರಲ್ಲಿ ಬಾರ್ಸಿಲೋನಾಕ್ಕೆ 1-3, 2017ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ 1-4. ಮೂರರಲ್ಲೂ ಸೋಲನ್ನು ಬಫನ್ ತಲೆಗೆ ಕಟ್ಟುವಂಥದ್ದು ನಮಗೆ ಕಾಣುವುದಿಲ್ಲ.

ಪ್ರ: ಮ್ಯಾಡ್ರಿಡ್‌ನಲ್ಲಿ ಕೆಂಪು ಕಾರ್ಡ್ ಏಕೆ? ಫೌಲ್ ಮಾಡಿದ್ದು ಅವರಲ್ಲವಲ್ಲ?

ಉ: ಅಲ್ಲ. 2018ರ ಏಪ್ರಿಲ್ 11, ರಿಯಲ್ ಮ್ಯಾಡ್ರಿಡ್ ವಿರುದ್ಧ ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್. ಮೊದಲ ಪಂದ್ಯದಲ್ಲಿ 0-3 ಸೋತಿದ್ದ ಯುವೆಂಟಸ್ ಅಂದು 3-0 ಮುಂದಿತ್ತು. ಹೆಚ್ಚುವರಿ ನಿಮಿಷಗಳಲ್ಲಿ ಯುವೆಂಟಸ್‌ನ ಬೆನಾತಿಯಾ ಫೌಲಿಗೆ ಮ್ಯಾಡ್ರಿಡ್‌ಗೆ ಪೆನಾಲ್ಟಿ ಸಿಕ್ಕಿತು. ಬಫನ್‌ಗೆ ಕಾರ್ಡ್ ಬಂದದ್ದು ರೆಫರಿ ಮೇಲೆ ಏರಿಹೋಗಿ ಪ್ರತಿಭಟಿಸಿದ್ದಕ್ಕೆ. ಬದಲಿ ಗೋಲ್‌ಕೀಪರ್ ಇಳಿಸಲು ಮೈದಾನದಲ್ಲಿರುವ ಒಬ್ಬನನ್ನು ಹೊರಗೆ ಕರೆಸಲೇಬೇಕು. ಹಿಗ್ವೈನ್ ಹೊರಬಂದು ಶೆಜ್ನಿ ಒಳಹೋದರು, ರೊನಾಲ್ಡೊ ಗೋಲು ಹೊಡೆದರು. ಪಂದ್ಯದ ನಂತರ ಆಡಿದ ಮಾತಿಗೂ ಸೇರಿ ಮೂರು ಪಂದ್ಯಗಳ ನಿಷೇಧ ಬಿತ್ತು. ಪೆನಾಲ್ಟಿ ಹೌದೋ ಅಲ್ಲವೋ ಎಂದು ಈಗಲೂ ಜಗಳವಾಡಬಹುದು. ಆದರೆ ಆ ಕ್ಷಣದಲ್ಲಿ ಗೋಲಿನಲ್ಲಿ ಇರಬೇಕಾದವರು ಅವರು.

ಪ್ರ: ಮುಂಟಾರಿ ಗೋಲನ್ನು ಬಫನ್ ಒಪ್ಪಿಕೊಳ್ಳಬೇಕಿತ್ತು ಅಲ್ಲವೇ?

ಉ: 2012ರ ಫೆಬ್ರುವರಿ 25, ಯುವೆಂಟಸ್ ವಿರುದ್ಧ ಮಿಲಾನ್ 1-0 ಮುಂದಿದ್ದಾಗ ಆ ತಂಡದ ಮುಂಟಾರಿಯ ಹೆಡರ್ ಗೆರೆ ದಾಟಿ ಒಳಹೋದ ಮೇಲೆ ಬಫನ್ ಅದನ್ನು ಬಾಚಿ ಹೊರತಂದರು. ರೆಫರಿ ಗೋಲು ಕೊಡಲಿಲ್ಲ. ಚೆಂಡು ಒಳಗಿತ್ತೆಂದು ಗೊತ್ತಿದ್ದರೂ ರೆಫರಿಗೆ ಹೇಳುತ್ತಿರಲಿಲ್ಲ ಎಂದು ಬಫನ್ ಬಾಯಿಬಿಟ್ಟೇ ಹೇಳಿದರು, ಬೈಸಿಕೊಂಡರು. ಪಂದ್ಯ 1-1 ಆಯಿತು, ಯುವೆಂಟಸ್ ಆ ಸಲ ಒಂದೂ ಪಂದ್ಯ ಸೋಲದೆ 84 ಅಂಕದೊಂದಿಗೆ ಲೀಗ್ ಗೆದ್ದಿತು, ಮಿಲಾನ್‌ಗೆ 80. ಚೆಂಡು ಗೆರೆ ದಾಟಿತೇ ಎಂದು ತಿಳಿಸುವ ಗೋಲ್‌ಲೈನ್ ತಂತ್ರಜ್ಞಾನ ಸೀರಿ ಎಗೆ ಬಂದದ್ದು 2015-16ರಲ್ಲಿ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವ ಗೋಲ್‌ಕೀಪರ್‌ನನ್ನು ನಾವಿನ್ನೂ ಕಂಡಿಲ್ಲ.

ಪ್ರ: 77 ಸಂಖ್ಯೆಯ ಅಂಗಿ ಏಕೆ?

ಉ: 2000ದಲ್ಲಿ ಪಾರ್ಮಾದಲ್ಲಿ 88 ಆರಿಸಿಕೊಂಡಿದ್ದರು. ಅದು ನವನಾಜಿಗಳು ಹಿಟ್ಲರ್ ಜೈಕಾರಕ್ಕೆ ಬಳಸುವ ಗುಟ್ಟಿನ ಸಂಖ್ಯೆ ಎಂದು ಯಹೂದಿ ಸಮುದಾಯ ಆಕ್ಷೇಪಿಸಿತು. ತಮಗೆ ತಿಳಿದಿರಲಿಲ್ಲ ಎಂದು 77ಕ್ಕೆ ಬದಲಿಸಿದರು. 2019ರಲ್ಲಿ ಯುವೆಂಟಸ್‌ಗೆ ಮರಳಿದಾಗಲೂ ಶೆಜ್ನಿಯಿಂದ 1 ಕೇಳದೆ 77ನ್ನೇ ತೊಟ್ಟರು.

ಪ್ರ: ಜೋಫ್ ದೊಡ್ಡವರೋ ಬಫನ್ ದೊಡ್ಡವರೋ?

ಉ: ಇಟಲಿಯ ಹಿಂದಿನ ಗೋಲ್‌ಕೀಪರ್ ಡೀನೊ ಜೋಫ್ 40ನೇ ವಯಸ್ಸಿನಲ್ಲಿ ನಾಯಕನಾಗಿ 1982ರ ವಿಶ್ವಕಪ್ ಎತ್ತಿದವರು. 14ರ ಹುಡುಗನಾಗಿದ್ದಾಗ ಗಿಡ್ಡ ಎಂದು ಇಂಟರ್ ಮತ್ತು ಯುವೆಂಟಸ್ ಎರಡೂ ವಾಪಸು ಕಳಿಸಿದ್ದವು. 1972ರಿಂದ 1974ರವರೆಗೆ ರಾಷ್ಟ್ರತಂಡದ ಪರ 1142 ನಿಮಿಷ ಗೋಲು ಬಿಡಲಿಲ್ಲ, ಮುರಿದದ್ದು ಹೈಟಿಯ ಸನೋನ್. ಯುವೆಂಟಸ್‌ಗೆ ಸತತ 330 ಲೀಗ್ ಪಂದ್ಯ ಆಡಿದರು, ಒಂದನ್ನೂ ತಪ್ಪಿಸದೆ. ಬಫನ್‌ರದ್ದು ರಾಷ್ಟ್ರತಂಡಕ್ಕೆ 176 ಪಂದ್ಯ, ಜೋಫ್‌ರದ್ದು 112. ಸೀರಿ ಎಯಲ್ಲಿ 657, ಜೋಫ್ 570.

1982ರ ಜುಲೈ 5ರಂದು ಬಾರ್ಸಿಲೋನಾದಲ್ಲಿ ಬ್ರೆಜಿಲ್ ವಿರುದ್ಧ 3-2 ಇದ್ದಾಗ, ಕೊನೆಯ ನಿಮಿಷಗಳಲ್ಲಿ ಆಸ್ಕರ್ ಹೆಡರ್ ಅನ್ನು ಜೋಫ್ ಗೆರೆಯ ಮೇಲೇ ಅದುಮಿ ಹಿಡಿದರು. ಪುಟಿಯಲು ಬಿಟ್ಟಿದ್ದರೆ ಪಂದ್ಯ ಸಮವಾಗುತ್ತಿತ್ತು, ಬ್ರೆಜಿಲ್‌ಗೆ ಸಮವೇ ಸಾಕಿತ್ತು. ಒಂದೇ ಒಂದು ಹಿಡಿತ ಆರಿಸು ಎಂದರೆ ನಮ್ಮ ಮತ ಅದಕ್ಕೆ. ಇಡೀ ವೃತ್ತಿಜೀವನ ಎಂದರೆ ಬಫನ್‌ಗೆ.

ಪ್ರ: ಖಿನ್ನತೆಯಿಂದ ಬಳಲಿದ್ದರೆಂಬುದು ಗಾಳಿಮಾತೇ?

ಉ: ಗಾಳಿಮಾತಲ್ಲ, ಅವರೇ ಬಹಿರಂಗವಾಗಿ ಹೇಳಿಕೊಂಡದ್ದು. 2003ರ ಕೊನೆಯಿಂದ ಸುಮಾರು ಆರು ತಿಂಗಳು. ಮನಃಶಾಸ್ತ್ರಜ್ಞರ ನೆರವು ಪಡೆದರು, ಆಟ ಬಿಡಲಿಲ್ಲ.

ಪ್ರ: ನಿವೃತ್ತಿಯ ಮುನ್ನ ಮತ್ತೆ ಪಾರ್ಮಾಕ್ಕೆ ಹೋದರಂತೆ. ಅವರ ನಂತರ ಯಾರು?

ಉ: 2021ರಲ್ಲಿ ಇಟಲಿಯ ಕಪ್ ಟೂರ್ನಿ ಕೋಪಾ ಇಟಾಲಿಯಾ ಗೆದ್ದು ಯುವೆಂಟಸ್ ಬಿಟ್ಟರು, ಸೀರಿ ಬಿಯಲ್ಲಿದ್ದ ಪಾರ್ಮಾ ಸೇರಿದರು. 2023ರ ಆಗಸ್ಟ್ 2ರಂದು ನಿವೃತ್ತಿ ಘೋಷಿಸಿದರು. ನಂತರದವರ ಹೆಸರು ಎಲ್ಲರಿಗೂ ಗೊತ್ತು: ಜಿಯಾನ್‌ಲೂಯಿಜಿ ಡೊನ್ನರುಮ್ಮಾ, ಹೆಸರೂ ಅದೇ. 2016ರ ಸೆಪ್ಟೆಂಬರ್ 1ರಂದು ಬಾರಿಯಲ್ಲಿ ಫ್ರಾನ್ಸ್ ವಿರುದ್ಧದ ಪಂದ್ಯದ ವಿರಾಮದಲ್ಲಿ ಬಫನ್ ಹೊರಬಂದರು, 17ರ ಹುಡುಗ ಒಳಹೋದ.